ಹಿಂದಿನ ಗೋಡೆಯ ಕಿಟಕಿ

ಜಾಲಿಕುಂಟೆಯಲ್ಲಿ ಪುಸ್ತಕಕ್ಕೂ ನೀರು ಚಿಮುಕಿಸುತ್ತಾರೆ.

ರಾಂಪುರದಲ್ಲಿ ಬಸ್ಸಿಳಿದು, ಬಳ್ಳಾರಿ ರಸ್ತೆ ಬಿಟ್ಟು ಒಳಗೆ ನಡೆದರೆ ಜಾಲಿಕುಂಟೆ. ಮೊದಲು ಕಾಲೋನಿ ಸಿಗುತ್ತದೆ. ಆಮೇಲೆ ಊರು. ಲೈಬ್ರರಿ ಇದ್ದದ್ದು ಕಾಲೋನಿಯಲ್ಲಿ. ಓದುವ ಚಟ ಊರಿನ ಮನೆಗಳಲ್ಲೂ ಇತ್ತು. ಆದರೆ ಊರಿನವರು ಕಾಲೋನಿಗೆ ಕಾಲಿಡುವುದಿಲ್ಲ. ಆದ್ದರಿಂದ ಪುಸ್ತಕವೇ ಅವರ ಮನೆಗೆ ಹೋಗಬೇಕಿತ್ತು. ಹೊತ್ತುಕೊಂಡು ಹೋಗುತ್ತಿದ್ದವಳು ದುರುಗಕ್ಕ.

ದುರುಗಕ್ಕ ಗಾರೆ ಕೆಲಸದ ಕೂಲಿ. ಕೆಲಸವಿಲ್ಲದ ದಿನ ಪುಸ್ತಕಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಊರೊಳಗೆ ಹೋಗುತ್ತಿದ್ದಳು. ಎಣ್ಣೆ ಮಿಲ್ಲಿನ ಸೋಮಶೇಖರಪ್ಪನವರ ಮನೆ ಮುಂದೆ ನಿಲ್ಲುತ್ತಿದ್ದಳು. ಜಗಲಿಯ ಅಂಚಿಗೆ ಪುಸ್ತಕ ಇಟ್ಟು ಹಿಂದಕ್ಕೆ ಸರಿಯುತ್ತಿದ್ದಳು. ಸೊಸೆ ಮಂಗಳಗೌರಿ ಚೊಂಬು ಹಿಡಿದು ಬರುತ್ತಿದ್ದಳು. ಬೆರಳದ್ದಿ ಪುಸ್ತಕದ ಮೇಲೆ ಚಿಮುಕಿಸುತ್ತಿದ್ದಳು. ಒರೆಸಿ ಎತ್ತಿಕೊಳ್ಳುತ್ತಿದ್ದಳು.

"ಹೋದ ಸಲದ್ದು ಚೆನ್ನಾಗಿತ್ತು ಕಣೆ ದುರುಗಿ. ಆ ಹುಡುಗಿ ಗಂಡನ ಮನೆ ಬಿಟ್ಟು ಹೋಗ್ತಾಳಲ್ಲ, ಅಲ್ಲಿ ನಂಗೆ ಅಳೂನೇ ಬಂತು."

"ಅದಕ್ಕೇನ್ರವ್ವಾ ಹಾಳೆ ಎಲ್ಲಾ ಉಬ್ಬಿರೋದು?"

ಮಂಗಳಗೌರಿ ಕೇಳಿಸಿಕೊಳ್ಳಲಿಲ್ಲ. ಅವಳಿಗಿಂತ ದುರುಗಕ್ಕ ವಯಸ್ಸಿನಲ್ಲಿ ತಾಯಿಯಷ್ಟು ದೊಡ್ಡವಳು. ಆದರೂ ದುರುಗಿ.

ಉಬ್ಬಿದ ಪುಸ್ತಕಗಳನ್ನು ಶಶಿರೇಖಾ ಚಪ್ಪಡಿ ಹೇರಿ ಒಣಗಿಸುತ್ತಿದ್ದಳು. ಶಶಿರೇಖಾ ಕಾಲೋನಿಯ ಹುಡುಗಿ, ಚಳ್ಳಕೆರೆಯಲ್ಲಿ ಡಿಗ್ರಿ ಓದಿದವಳು, ಲೈಬ್ರರಿಯ ಮೇಲ್ವಿಚಾರಕಿ. ಒಂದು ಸಲ ಸಿಟ್ಟಿಗೆ ಊರಿಗೆ ಹೋಗುವ ಪುಸ್ತಕಗಳಿಗೆಲ್ಲ ಪ್ಲಾಸ್ಟಿಕ್ ಹೊದಿಸಿದಳು. ಮಂಗಳಗೌರಿಗೆ ಬಹಳ ಖುಷಿಯಾಯಿತು. ಈಗ ಧಾರಾಳವಾಗಿ ನೀರು ಹಾಕಬಹುದಿತ್ತು.

ಆ ಲೈಬ್ರರಿಯನ್ನು ಯಾರೂ ಕಾಲೋನಿಗೆ ಕೊಟ್ಟದ್ದಲ್ಲ. ಯಾವುದೋ ಯೋಜನೆಯಲ್ಲಿ ಗೋಡೆ ಎದ್ದು, ಚಾವಣಿಯಿಲ್ಲದೆ ಬಿಟ್ಟುಹೋದ ಒಂದು ಕೋಣೆ ಇತ್ತು. ಅದರಲ್ಲಿ ನಾಯಿಗಳು ಮರಿ ಹಾಕುತ್ತಿದ್ದವು. ಕಾಲೋನಿಯವರೇ ತಗಡು ಹೊದಿಸಿ, ಅಲ್ಲಿ ಇಲ್ಲಿ ಬೇಡಿ ತಂದ ಪುಸ್ತಕ ಜೋಡಿಸಿದರು. ಸಂಜೆ ಹೆಂಗಸರು ಬಿತ್ತನೆಗೆ ಶೇಂಗಾ ಸುಲಿಯುತ್ತ ಕೂರುತ್ತಿದ್ದರು. ಒಬ್ಬರು ಗಟ್ಟಿಯಾಗಿ ಓದುತ್ತಿದ್ದರು. ಉಳಿದವರು ಸುಲಿಯುತ್ತ ಕೇಳುತ್ತಿದ್ದರು. ತಲೆಯಲ್ಲಿ ನರೆ ಬಂದ ಮೇಲೆ ದುರುಗಕ್ಕ ಅಲ್ಲೇ ಅಕ್ಷರ ಕಲಿತಳು. ಆಮೇಲೆ ಪಂಚಾಯಿತಿಯವರು ಬಂದು ಬೋರ್ಡು ಬಡಿದು, ಪುಸ್ತಕಗಳನ್ನು ಪಟ್ಟಿಗೆ ಸೇರಿಸಿ ಎಲ್ಲ ತಮ್ಮದೆಂದರು. ಶಶಿರೇಖಾಗೆ ಗೌರವಧನ ಶುರುವಾಯಿತು. ಪೊಲೀಸ್ ಪರೀಕ್ಷೆಗೆ ಓದುವ ಹುಡುಗರು ರಾಂಪುರದಿಂದಲೂ ಬರತೊಡಗಿದರು. ಒಳಗೆ ಜಾಗ ಸಾಲದೆ ಬೇವಿನ ಮರದ ಬುಡದಲ್ಲಿ ಕೂತರು. ಮಧ್ಯಾಹ್ನ ತಗಡು ಕಾದರೆ ಒಳಗಿದ್ದವರೂ ಮರದ ಬುಡಕ್ಕೆ ಬರುತ್ತಿದ್ದರು.

ಓದುವವರು ಹೆಚ್ಚಿದ್ದಾರೆಂದು ವಿಸ್ತರಣೆಗೆ ಅನುದಾನ ಬಂತು. ಅಂದು ಕಾಲೋನಿಯಲ್ಲಿ ಯಾರೂ ಕೂಲಿಗೆ ಹೋಗಲಿಲ್ಲ. ಕೋಣೆಯ ಪಕ್ಕದ ತಿಪ್ಪೆಯನ್ನು ಹೆಂಗಸರೇ ಎತ್ತಿ ಹೊಲಕ್ಕೆ ಹಾಕಿದರು. ನೆಲ ಸಮ ಮಾಡಿದರು. ಶಶಿರೇಖಾ ಸುಣ್ಣದಲ್ಲಿ ಗೆರೆ ಎಳೆದಳು. ಇಲ್ಲಿ ಹುಡುಗರ ಕೋಣೆ. ಇಲ್ಲಿ ಹೆಂಗಸರು ಕೂರುವ ಪಡಸಾಲೆ.

"ನನಗೆ ಇಲ್ಲೊಂದು ಫ್ಯಾನ್ ಹಾಕಿಸಮ್ಮ," ಎಂದಳು ಮುದ್ದಕ್ಕ. ದುರುಗಕ್ಕನ ಜೊತೆ ಗಾರೆ ತುಂಬಿದ ಬಾಂಡ್ಲಿ ಹೊರುವ ಮುದುಕಿ.

"ನಿನಗ್ಯಾಕಜ್ಜಿ ಫ್ಯಾನು? ನಿನಗೆ ಓದಾಕೆ ಬರಲ್ಲ."

"ನಿದ್ದೆ ಮಾಡಾಕೆ ಬರ್ತೈತೆ."

ಆ ಗೆರೆಯ ಮೇಲೆ ಗೋಡೆ ಏಳಲಿಲ್ಲ. ಗ್ರಾಮಸಭೆಯಲ್ಲಿ ಸೋಮಶೇಖರಪ್ಪನವರು ಎದ್ದು ನಿಂತರು.

"ಕಾಲೋನಿಯಾಗೆ ಜಾಗ ಇಕ್ಕಟ್ಟು. ನಮ್ಮ ಮಿಲ್ಲಿನ ಪಕ್ಕದ ಜಾಗ ನಾನ್ ಬಿಟ್ಟುಕೊಡ್ತೀನಿ. ಊರಿಗೆಲ್ಲಾ ಒಂದೇ ಲೈಬ್ರರಿ ಆಗ್ಲಿ. ಇನ್ನೂ ಎಷ್ಟು ಕಾಲ ಊರು ಬ್ಯಾರೆ ಕಾಲೋನಿ ಬ್ಯಾರೆ ಅಂತ ಇರೋದು?"

ಚಪ್ಪಾಳೆ ಬಿತ್ತು. ಹೊಸ ಕಟ್ಟಡ ಮುಗಿದರೆ ಕಾಲೋನಿಯ ಪುಸ್ತಕಗಳೆಲ್ಲ ಅಲ್ಲಿಗೆ ಬರಬೇಕು, ಹಳೆ ಕೋಣೆಯಲ್ಲಿ ನೀರಿನ ಪೈಪು ಇಡಬೇಕು ಎಂದು ಠರಾವಾಯಿತು. ಅದಕ್ಕೂ ಚಪ್ಪಾಳೆ ಬಿತ್ತು. ದುರುಗಕ್ಕನ ಗಂಡ ಮಾರಯ್ಯ ಎಲ್ಲರಿಗಿಂತ ಜೋರಾಗಿ ತಟ್ಟಿದ.

"ಇನ್ನ ಮ್ಯಾಲೆ ಪುಸ್ತಕ ಹೊರೋದು ತಪ್ತು ನಿಂಗೆ," ಎಂದ ದಾರಿಯಲ್ಲಿ. "ನೀನೂ ಆ ಸೊಸೆಯಮ್ಮನೂ ಒಂದೇ ಬೆಂಚಿನ ಮ್ಯಾಲೆ ಕುಂತು ಓದ್ತೀರಿ."

"ಬೆಂಚಿಗೆ ಎಷ್ಟು ಕೊಡ ನೀರು ಬೇಕಾಗ್ತೈತೋ," ಎಂದಳು ದುರುಗಕ್ಕ. ಇಬ್ಬರೂ ನಕ್ಕರು. ನಕ್ಕರೂ ನಂಬಿದ್ದರು.

ಕೆಲಸ ಹಿಡಿದವನು ಸಣ್ಣತಿಮ್ಮಪ್ಪ ಮೇಸ್ತ್ರಿ. ಕೂಲಿಗೆ ಬಂದವರು ಕಾಲೋನಿಯ ಹೆಂಗಸರು. ಪಾಯ ತೆಗೆದವರು ಅವರು. ಕಲ್ಲು ಹೊತ್ತವರು ಅವರು. ಹಿಂದೆ ಪುಸ್ತಕದ ಕೋಣೆ, ಮುಂದೆ ಕೂತು ಓದುವ ದೊಡ್ಡ ಹಾಲ್. ಪುಸ್ತಕದ ಕೋಣೆಯ ಹಿಂದಿನ ಗೋಡೆ ಕಾಲೋನಿಯ ಓಣಿಗೆ ಮುಖ ಮಾಡಿತ್ತು. ಅಲ್ಲಿ ಮೇಸ್ತ್ರಿ ಒಂದು ಸಂದು ಬಿಟ್ಟು ಕಟ್ಟತೊಡಗಿದ. ದುರುಗಕ್ಕ ಅದು ಬಾಗಿಲೆಂದುಕೊಂಡಳು. ಕಾಲೋನಿಯಿಂದ ನೇರ ಬರಲು. ಆದರೆ ಮೇಸ್ತ್ರಿ ಆ ಸಂದಿನ ಕೆಳಗೆ ಗೋಡೆ ಎಬ್ಬಿಸಿ, ಎದೆಮಟ್ಟದಲ್ಲಿ ಒಂದು ಕಡಪ ಕಲ್ಲು ಕೂರಿಸಬೇಕೆಂದ. ಕಲ್ಲು ಹೊತ್ತು ತಂದವಳು ಅವಳೇ. ಹೆಗಲು ತರಚಿತ್ತು.

"ಇದೇನ್ ಮೇಸ್ತ್ರಿ, ಬಾಗ್ಲು ಮಾಡ್ತಾ ಮಾಡ್ತಾ ಮುಚ್ಚಾಕೆ ಹೊಂಟ್ರಿ?"

"ಬಾಗ್ಲಲ್ಲಮ್ಮ ಅದು. ಕಿಟಕಿ."

"ಕಿಟಕಿಗೆ ಕಡಪ ಕಲ್ಲು ಯಾಕೆ?"

"ಪುಸ್ತಕ ಇಟ್ಟು ಕೊಡಾಕೆ."

"ಯಾರಿಗೆ?"

ಮೇಸ್ತ್ರಿ ಅಂಗೈಯಲ್ಲಿ ತಂಬಾಕು ತಿಕ್ಕಿದ. ಬಹಳ ಹೊತ್ತು ತಿಕ್ಕಿದ.

"ಓಣಿ ಯಾರದಮ್ಮ? ನನ್ನ ಬಾಯಾಗೆ ಯಾಕೆ ಹೇಳಿಸ್ತೀಯ?"

ಅಂದು ಸಂಜೆ ಶಶಿರೇಖಾ ಮತ್ತು ದುರುಗಕ್ಕ ಮಿಲ್ಲಿಗೆ ಹೋದರು. ಸೋಮಶೇಖರಪ್ಪನವರು ಗದರಲಿಲ್ಲ. ಕುರ್ಚಿ ತರಿಸಲಿಲ್ಲ, ಆದರೆ ಗದರಲಿಲ್ಲ. ಇಬ್ಬರೂ ಹಿಂಡಿ ಚೀಲಗಳ ಪಕ್ಕ ನಿಂತಿದ್ದರು.

"ಒಳಗೆ ಬರಬ್ಯಾಡ ಅಂತ ಯಾರಂದ್ರಮ್ಮ? ಮುಂದ್ಲ ಬಾಗ್ಲಿಗೆ ನೀವು ಊರು ಸುತ್ತಿ ಬರಬೇಕು. ಆ ತ್ರಾಸು ತಪ್ಪಲಿ ಅಂತ ಹಿಂದೆ ಒಂದು ಅನುಕೂಲ ಮಾಡಿದೀನಿ. ನಿಂತ ಜಾಗಕ್ಕೇ ಪುಸ್ತಕ."

"ಹಂಗಾರೆ ಆ ಕಿಟಕೀನೇ ಬಾಗಿಲು ಮಾಡಿಸ್ರಿ," ಎಂದಳು ಶಶಿರೇಖಾ.

"ಶಶಿ, ನೀನು ಓದಿದ ಹುಡುಗಿ. ಸ್ವಲ್ಪ ಸಂದರ್ಭ ನೋಡು. ನಮ್ಮ ಮನೆ ಹೆಣ್ಮಕ್ಕಳು ಈಗ ತಾನೇ ಹೊರಗೆ ಬರಾಕೆ ಒಪ್ಪಿದಾರೆ. ಮೊದ್ಲೇ ಅವರನ್ನ ಹೆದರಿಸಿದ್ರೆ ಹೆಂಗೆ? ನಿಧಾನಕ್ಕೆ ಎಲ್ಲಾ ಆಗ್ತೈತೆ."

"ನಮ್ಮನ್ನ ನೋಡಿದ್ರೆ ಹೆದರ್ತಾರಾ?" ಎಂದಳು ದುರುಗಕ್ಕ. "ನಾವೇನ್ ಹುಲಿಯಾ?"

ಸೋಮಶೇಖರಪ್ಪನವರು ಅವಳತ್ತ ನೋಡಲೇ ಇಲ್ಲ. ಲೆಕ್ಕದವನನ್ನು ಕರೆದು ಬೇರೆ ಮಾತು ತೆಗೆದರು.

ಶಶಿರೇಖಾ ಅರ್ಜಿ ಕೊಟ್ಟಳು. ಅಧಿಕಾರಿಯೊಬ್ಬ ಜೀಪಿನಲ್ಲಿ ಬಂದ. ಕಿಟಕಿ ನೋಡಿದ. ಅದರ ಕಬ್ಬಿಣದ ಚೌಕಟ್ಟು ಮುಟ್ಟಿ ನೋಡಿದ.

"ನಿಮಗೆ ಯಾರಾದ್ರೂ ಜಾತಿ ಹೆಸರು ಹಿಡಿದು ಬೈದ್ರೇನಮ್ಮ?"

"ಇಲ್ಲ ಸಾರ್. ಕಿಟಕಿ ಇಟ್ರು."

"ಹೊಡೆದ್ರಾ? ತಡೆದ್ರಾ?"

"ಇಲ್ಲ ಸಾರ್. ಕಿಟಕಿ ಇಟ್ರು."

"ಕಿಟಕಿ ಇಡಬಾರದು ಅಂತ ಯಾವ ಕಾನೂನೂ ಇಲ್ಲಮ್ಮ. ಗಾಳಿ ಬೆಳಕು ಬೇಕಲ್ಲ."

ಅವನು ಸೋಮಶೇಖರಪ್ಪನವರ ಮನೆಯಲ್ಲಿ ಊಟ ಮಾಡಿ ಹೋದ.

ಕೆಲಸ ನಿಲ್ಲಲಿಲ್ಲ. ಕಾಲೋನಿಯ ಹೆಂಗಸರೂ ಕೆಲಸ ಬಿಡಲಿಲ್ಲ. ಬಿಟ್ಟರೆ ಒಲೆ ಉರಿಯುವುದಿಲ್ಲ. ತಮ್ಮನ್ನು ಹೊರಗಿಡುವ ಗೋಡೆಗೆ ತಾವೇ ಕಲ್ಲು ಹೊರುವುದು ಎಂದರೆ ಏನೆಂದು ಯಾವ ಭಾಷಣದಲ್ಲೂ ಅವರು ಕೇಳಬೇಕಾಗಿರಲಿಲ್ಲ. ತಲೆಯ ನಡುನೆತ್ತಿ ಅದನ್ನು ದಿನವೂ ಹೇಳುತ್ತಿತ್ತು. ಪುಸ್ತಕದ ಕೋಣೆಗೆ ಚಾವಣಿ ಹಾಕಿದ್ದಾಯಿತು. ಚಾವಣಿಗೆ ಆಧಾರ ಕೊಟ್ಟಿದ್ದ ಸೆಂಟ್ರಿಂಗ್ ಹಲಗೆ ಬಿಚ್ಚಿದ ದಿನ ಒಳಗಿನ ಮಣ್ಣು, ಮೊಳೆ, ಸಿಮೆಂಟಿನ ಹೆಂಟೆಗಳನ್ನು ಗುಡಿಸಿ ತೆಗೆದವಳು ದುರುಗಕ್ಕ. ನೆಲ ತೊಳೆದು ಹೊರಗೆ ಬಂದಳು. ಅದೇ ದಿನ ಕೋಣೆಗೆ ಮಿಲ್ಲಿನ ಕಾಂಪೌಂಡಿನ ಕಡೆ ಇದ್ದ ಬಾಗಿಲಿಗೆ ಬೀಗ ಬಿತ್ತು.

ಮುಂದಿನ ಓದುವ ಹಾಲ್‌ಗೆ ಸ್ಲ್ಯಾಬ್ ಹಾಕುವ ದಿನ ಬಂತು.

ಸ್ಲ್ಯಾಬಿನ ಕೆಲಸಕ್ಕೆ ಬಿಡುವಿಲ್ಲ. ಒಮ್ಮೆ ಮಿಕ್ಸರ್ ತಿರುಗಿತೆಂದರೆ ಕೊನೆಯ ಮೂಲೆ ತುಂಬುವವರೆಗೆ ನಿಲ್ಲಿಸುವಂತಿಲ್ಲ. ಜಲ್ಲಿ, ಮರಳು, ಸಿಮೆಂಟು, ನೀರು. ಬಾಂಡ್ಲಿ ತುಂಬುತ್ತದೆ. ಏಣಿಯ ಮೆಟ್ಟಿಲು ಮೆಟ್ಟಿಲಿಗೂ ಒಬ್ಬೊಬ್ಬ ಹೆಂಗಸು. ಕೈಯಿಂದ ಕೈಗೆ, ತಲೆಯಿಂದ ತಲೆಗೆ. ಖಾಲಿ ಬಾಂಡ್ಲಿ ಮೇಲಿಂದ ಬಂದು ಬೀಳುತ್ತದೆ. ಸಿಮೆಂಟಿನ ನೀರು ಕಿವಿಯ ಹಿಂದೆ ಇಳಿದು ಕುತ್ತಿಗೆ ಸುಡುತ್ತದೆ. ಬೆನ್ನಿಗೆ ಅಂಟಿದ ರವಿಕೆ ಒಣಗಿ ತಗಡಾಗುತ್ತದೆ. ಉಚ್ಚೆಗೆ ಹೋಗಲೂ ಮೇಸ್ತ್ರಿಯ ಮುಖ ನೋಡಬೇಕು. ಮುದ್ದಕ್ಕ ಏಣಿಯ ಮೊದಲ ಮೆಟ್ಟಿಲಲ್ಲಿ ನಿಂತಿದ್ದಳು. ಅವಳ ಮೊಣಕಾಲು ನಡುಗುತ್ತಿದ್ದದ್ದು ಮೇಲಿನವರಿಗೆ ಏಣಿಯಲ್ಲೇ ಗೊತ್ತಾಗುತ್ತಿತ್ತು.

ಬಿಸಿಲು ನೆತ್ತಿಗೆ ಬಂದಾಗ ಅರ್ಧ ಸ್ಲ್ಯಾಬ್ ತುಂಬಿತ್ತು. ಮೇಸ್ತ್ರಿ ಒಂದೊಂದು ಸಲ ನಾಲ್ಕೈದು ಮಂದಿಯನ್ನೇ ನೀರಿಗೆ ಬಿಟ್ಟ.

"ಹಿಂದೆ ಹೋಗ್ರಿ. ಅಮ್ಮಾರು ಮಜ್ಜಿಗೆ ತಂದವ್ರೆ."

ಮಂಗಳಗೌರಿ ಪುಸ್ತಕದ ಕೋಣೆಯ ಒಳಗೆ ನಿಂತಿದ್ದಳು. ಕಿಟಕಿಯ ಆಚೆ. ಕೊಳಗದಲ್ಲಿ ಮಜ್ಜಿಗೆ ಇತ್ತು. ಓಣಿಯಲ್ಲಿ ನಿಂತು ಬೊಗಸೆ ಒಡ್ಡಬೇಕು. ಅವಳು ಮೇಲಿಂದ ಹೊಯ್ಯುತ್ತಾಳೆ. ಚೊಂಬು ಕೈಗೆ ತಾಗುವುದಿಲ್ಲ.

ಮುದ್ದಕ್ಕ ಕುಡಿದಳು. ಬಾಯಿ ಒರೆಸಿಕೊಂಡಳು.

"ಕಿಟಕಿ ಓಪನಿಂಗ್ ಆಯ್ತು ಬಿಡ್ರಮ್ಮ. ಇನ್ನ ಎಮ್ಮೆಲ್ಲೆ ಬರೋದು ಬ್ಯಾಡ, ಟೇಪು ಕತ್ತರ್ಸೋದು ಬ್ಯಾಡ."

ಹಿಂದೆ ಇದ್ದವರು ನಕ್ಕರು. ಕೊಳಗದ ಮೇಲೆ ಬಾಗಿದ್ದ ಮಂಗಳಗೌರಿಯೂ ನಕ್ಕಳು. ಅವಳು ನಕ್ಕದ್ದು ನೋಡಿ ಉಳಿದವರ ನಗು ನಿಂತಿತು.

ದುರುಗಕ್ಕನ ಸರದಿ ಬಂತು. ಕಡಪ ಕಲ್ಲಿನ ಈಚೆ ಬೊಗಸೆ ಒಡ್ಡಿದಳು.

"ನಿನಗೆ ಅಂತ ಉಪ್ಪು ಜಾಸ್ತಿ ಹಾಕಿಸೀನಿ ಕಣೆ ದುರುಗಿ. ಬಿಸಿಲಿಗೆ ಒಳ್ಳೇದು."

ಮಜ್ಜಿಗೆ ಬೊಗಸೆಗೆ ಬಿತ್ತು. ತಣ್ಣಗಿತ್ತು. ದುರುಗಕ್ಕನ ಗಂಟಲು ಒಣಗಿ ಅಂಟಿಕೊಂಡಿತ್ತು. ಅವಳು ಬಾಯಿ ಹತ್ತಿರ ತಂದಳು. ಕೊತ್ತಂಬರಿಯ ವಾಸನೆ ಬಂತು. ಬೆರಳು ಬಿಚ್ಚಿದಳು. ಮಜ್ಜಿಗೆ ಕಲ್ಲಿನ ಮೇಲೆ ಸುರಿದು ಓಣಿಗೆ ಹರಿಯಿತು.

"ಯಾಕೆ ದುರುಗಿ, ಹುಳಿ ಐತಾ?"

"ಒಳಗೆ ಬಂದು ಕುಡೀತೀನ್ರವ್ವಾ."

ಮಂಗಳಗೌರಿಯ ಚೊಂಬು ಗಾಳಿಯಲ್ಲೇ ನಿಂತಿತು.

"ನಂಗೇನಿಲ್ಲ ಕಣೆ. ಮಾವಾರು ಬೈತಾರೆ."

"ಮೊನ್ನೆ ಈ ಕೋಣೆ ಒಳಗೆಲ್ಲಾ ಗುಡಿಸಿದ್ದು ನಾನೇ. ನೀವು ನಿಂತಿರೋ ನೆಲ ತೊಳೆದಿದ್ದು ನಾನೇ. ಕಸ ಹೋದ ಮ್ಯಾಲೆ ನಾನೂ ಹೊರಗಾ?"

ಮಂಗಳಗೌರಿ ನೆಲ ನೋಡಿದಳು. ಅವಳಿಗೆ ಎಷ್ಟೋ ಕಾದಂಬರಿಗಳ ಹೆಂಗಸರಿಗಾಗಿ ಅಳಲು ಬರುತ್ತಿತ್ತು. ಈಗ ಮಜ್ಜಿಗೆಯ ಕೊಳಗದ ಮೇಲೆ ತಟ್ಟೆ ಮುಚ್ಚಿದಳು.

ದುರುಗಕ್ಕ ಕಟ್ಟಡದ ಮುಂದಕ್ಕೆ ಬಂದು ತಲೆಯ ಬಟ್ಟೆ ಸಿಂಬೆ ತೆಗೆದಳು. ಮಿಕ್ಸರ್ ತಿರುಗುತ್ತಲೇ ಇತ್ತು.

"ಮೇಸ್ತ್ರಿ, ಮಿಕ್ಸರ್ ನಿಲ್ಲಿಸ್ರಿ. ಆ ಕಿಟಕಿ ಕೆಳಗಿನ ಗೋಡೆ ಒಡೀರಿ. ಬಾಗಿಲು ಆಗ್ಲಿ. ಆಮೇಲೆ ನಾವು ಬಾಂಡ್ಲಿ ಎತ್ತೋದು."

"ಹುಚ್ಚು ಹಿಡೀತೇನಮ್ಮ? ಅರ್ಧಕ್ಕೆ ನಿಂತ್ರೆ ಹಳೇ ಕಾಂಕ್ರೀಟಿಗೂ ಹೊಸದಕ್ಕೂ ಕೂಡಾಕಿಲ್ಲ. ಅಲ್ಲೇ ಸೀಳು ಬರ್ತೈತೆ. ಮಳೆ ಬಂದ್ರೆ ಸೋರ್ತೈತೆ."

"ಸೋರಲಿ. ಒಳಗೆ ಕುಂತೋರ ಮ್ಯಾಲೆ ತಾನೇ ಸೋರೋದು. ನಾವು ಹೊರಗಿರ್ತೀವಲ್ಲ."

ಏಣಿಯ ಮೇಲಿದ್ದ ಹೆಂಗಸರು ಒಬ್ಬೊಬ್ಬರೇ ಇಳಿದರು. ಯಾರೂ ಘೋಷಣೆ ಕೂಗಲಿಲ್ಲ. ಅಷ್ಟು ಉಸಿರು ಯಾರಲ್ಲೂ ಇರಲಿಲ್ಲ. ಮರಳಿನ ರಾಶಿಯ ಪಕ್ಕ ಕೂತರು. ಮುದ್ದಕ್ಕ ಮೊಣಕಾಲು ನೀವಿಕೊಂಡಳು. ಅವಳಿಗೆ ಈ ಮುಷ್ಕರ ಬೇಗ ಬಂದಿದ್ದರೆ ಚೆನ್ನಾಗಿತ್ತು ಎನ್ನಿಸಿರಬೇಕು.

ಸೋಮಶೇಖರಪ್ಪನವರು ಮಿಲ್ಲಿನಿಂದ ಬಂದರು. ಮೊದಲು ನಕ್ಕರು.

"ಅದಕ್ಕೇನಂತೆ, ಸ್ಲ್ಯಾಬ್ ಮುಗಿಸ್ರಿ. ನಾಳೆ ಒಡೆಸಿ ಬಾಗ್ಲು ಇಡಿಸ್ತೀನಿ. ನನ್ನ ಮಾತು."

"ಈಗ ಒಡೆಸ್ರಿ."

"ನಾಳೆ ಅಂದ್ನಲ್ಲಮ್ಮ."

"ನಾಳೆ ನಿಮಗೆ ನಮ್ಮ ಕೆಲಸ ಇರಾಕಿಲ್ಲ. ನಾಳೆ ನಿಮ್ಮ ಮಾತೂ ಇರಾಕಿಲ್ಲ."

ನಗು ಹೋಯಿತು. "ಲೇ ತಿಮ್ಮಪ್ಪ, ಏನ್ಲೇ ಇದು? ಇವಳ ಹತ್ರ ನಾನು ಮಾತು ಕೊಟ್ಟು ಕುಂತಿರಬೇಕಾ?" ಎಂದು ಮೇಸ್ತ್ರಿಗೆ ಬೈದರು. ಗೋಡೆಯ ಆ ತುಂಡು ಒಡೆಯಲು ಒಂದು ಸುತ್ತಿಗೆ ಸಾಕಿತ್ತು. ಸುತ್ತಿಗೆ ಅವರ ಕಾಲ ಬಳಿಯೇ ಬಿದ್ದಿತ್ತು. ಅವರು ಫೋನು ತೆಗೆದರು.

ಆಂಧ್ರದ ಕಡೆಯಿಂದ ಗೂಡ್ಸ್ ಗಾಡಿಯಲ್ಲಿ ಬೇರೆ ಹೆಂಗಸರು ಬಂದಿಳಿದರು. ಇವರದ್ದೇ ಮೈ. ಇವರದ್ದೇ ಸೀರೆ. ಇವರದ್ದೇ ಒಡೆದ ಹಿಮ್ಮಡಿ. ಹಿರಿಯಳೊಬ್ಬಳು ದುರುಗಕ್ಕನ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತಳು.

"ಏಮೈಂದಿ ಅಕ್ಕಾ?"

ಏನಾಯಿತೆಂದು ದುರುಗಕ್ಕ ಹೇಳಿದಳು. ಬಂದವಳು ಎದ್ದು ಹೋಗಿ ಕಿಟಕಿ ನೋಡಿ ಬಂದಳು.

"ಮಾ ಊಳ್ಳೋನೂ ಇದೇ ಅಕ್ಕಾ," ಎಂದಳು. ಅವರೂರಲ್ಲೂ ಇದೇ. ಆಮೇಲೆ ಕನ್ನಡದಲ್ಲಿ ಹೇಳಿದಳು: "ಸಂಜೆ ಕೂಲಿ ಇಲ್ದೆ ಮನೆಗೆ ಹೋಗಾಕಾಗಲ್ಲ. ಗಾಡಿ ಬಾಡಿಗೇನೂ ನಮ್ಮ ತಲೆ ಮ್ಯಾಲೇ ಹಾಕ್ತಾರೆ."

ಅವಳು ಬಾಂಡ್ಲಿ ಎತ್ತಿಕೊಂಡಳು. ತಲೆಯ ಮೇಲೆ ಸಿಂಬೆ ಇರಲಿಲ್ಲ. ದುರುಗಕ್ಕ ಅದನ್ನು ನೋಡಿದಳು. ತನ್ನದು ಕೈಯಲ್ಲೇ ಇತ್ತು. ಕೊಡಲಿಲ್ಲ.

ಹೊತ್ತು ಮುಳುಗುವಷ್ಟರಲ್ಲಿ ಸ್ಲ್ಯಾಬ್ ಮುಗಿಯಿತು.

"ಒಂದು ಕಿಟಕಿಗೆ ಊರನ್ನೇ ಕಳ್ಕಂಡ್ಯಲ್ಲೇ," ಎಂದ ಮಾರಯ್ಯ ಅಂದು ರಾತ್ರಿ.

"ಊರು ಯಾವತ್ತು ನಮ್ಮದಾಗಿತ್ತು, ಕಳ್ಕಳಾಕೆ?"

ಮಾರಯ್ಯ ಉಣ್ಣದೆ ಮಲಗಿದ. ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ಆಮೇಲೆ ಊರಿನಲ್ಲಿ ಕಾಲೋನಿಯವರನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ. ಕಳೆ ಕೀಳಲು ಇಲ್ಲ, ಶೇಂಗಾ ಬಿಡಿಸಲು ಇಲ್ಲ, ಮಿಲ್ಲಿನಲ್ಲಿ ಚೀಲ ಹೊಲಿಯಲು ಇಲ್ಲ. ಹೆಂಗಸರು ಕತ್ತಲಿರುವಾಗಲೇ ಆಟೋದಲ್ಲಿ ಒಬ್ಬರ ತೊಡೆಯ ಮೇಲೊಬ್ಬರು ಕೂತು ಚಳ್ಳಕೆರೆ ಕಡೆಯ ಕಟ್ಟಡಗಳಿಗೆ ಹೋಗತೊಡಗಿದರು. ಕೂಲಿಯ ಒಂದು ಪಾಲು ಆಟೋ ತಿಂದಿತು. ಮುದ್ದಕ್ಕನನ್ನು ಅಲ್ಲಿಯ ಮೇಸ್ತ್ರಿಗಳು ವಯಸ್ಸಾಯಿತೆಂದು ಸೇರಿಸಲಿಲ್ಲ. ಅವಳು ಮನೆಯಲ್ಲಿ ಉಳಿದಳು. ಅವರಿವರು ಕೊಟ್ಟದ್ದು ಉಂಡಳು. ದುರುಗಕ್ಕನನ್ನು ಕಂಡರೆ ಮಾತಾಡಿಸುತ್ತಿದ್ದಳು, ಆದರೆ ಮೊದಲಿನಂತೆ ತಮಾಷೆ ಮಾಡುತ್ತಿರಲಿಲ್ಲ.

ಹೊಸ ಕಟ್ಟಡಕ್ಕೆ ಬಣ್ಣ ಬಳಿದರು. ಸೋಮಶೇಖರಪ್ಪನವರ ತಂದೆಯ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿ ಹಾಕಿದರು. ಕಾಲೋನಿಯ ಲೈಬ್ರರಿ ಮುಚ್ಚಿ ಪುಸ್ತಕಗಳನ್ನು ಒಪ್ಪಿಸಬೇಕೆಂದು ಶಶಿರೇಖಾಗೆ ಆದೇಶ ಬಂತು. ಅವಳು ಹೊಸ ಕಟ್ಟಡದಲ್ಲೇ ಮುಂದುವರಿಯಬಹುದು. ಕಿಟಕಿಯ ಹತ್ತಿರ ಕೂರುವ ಕೆಲಸ.

ಅವಳು ಆದೇಶವನ್ನು ಎಲ್ಲರ ಮುಂದೆ ಓದಿದಳು. ಅವತ್ತು ಯಾರೂ ಶೇಂಗಾ ಸುಲಿಯುತ್ತಿರಲಿಲ್ಲ. ಸುಲಿಯಲು ಯಾರೂ ಕೊಟ್ಟಿರಲಿಲ್ಲ.

"ಪುಸ್ತಕ ಪಂಚಾಯ್ತೀವು," ಎಂದಳು ಶಶಿರೇಖಾ. "ಕೊಡಾಕಿಲ್ಲ ಅಂತ ಬಾಗ್ಲಿಗೆ ಅಡ್ಡ ನಿಂತ್ರೆ ಪೊಲೀಸ್ರು ಬರ್ತಾರೆ."

"ಓದಾಕೆ ಅಂತ ತಗಂಡು ಹೋದ್ರೆ?" ಎಂದಳು ದುರುಗಕ್ಕ.

ಶಶಿರೇಖಾ ಅವಳ ಮುಖವನ್ನೇ ನೋಡಿದಳು.

"ಎಷ್ಟು ತಗಂಡು ಹೋಗ್ತೀಯಕ್ಕ?"

"ನೀನು ಎಷ್ಟು ಕೊಡ್ತೀಯ?"

ಒಬ್ಬರಿಗೆ ಎಷ್ಟು ಪುಸ್ತಕ ಕೊಡಬೇಕೆಂಬುದು ಮೇಲ್ವಿಚಾರಕಿಗೆ ಬಿಟ್ಟದ್ದು. ಶಶಿರೇಖಾ ಬೆಳಿಗ್ಗೆಯೇ ಬಾಗಿಲು ತೆಗೆದಳು. ಕಾಲೋನಿ ಸಾಲಾಗಿ ನಿಂತಿತು. ಕನ್ನಡಕ ಇಲ್ಲದವರು ನಿಂತರು, ಅಕ್ಷರ ಬಾರದವರು ನಿಂತರು. ಹೆಸರು ಬರೆಸಿ, ಹೆಬ್ಬೆಟ್ಟು ಒತ್ತಿ, ಪುಸ್ತಕ ತೆಗೆದುಕೊಂಡರು. ಪರೀಕ್ಷೆಗೆ ಓದುವ ಹುಡುಗರು ದಪ್ಪ ಪುಸ್ತಕಗಳನ್ನು ಎದೆಗವಚಿಕೊಂಡರು. ಮಾರಯ್ಯ ಕೊನೆಗೆ ಬಂದ. ಯಾರ ಮುಖವನ್ನೂ ನೋಡದೆ ಕೈ ಚಾಚಿದ. ಅವನಿಗೆ ವ್ಯಾಕರಣದ ಪುಸ್ತಕ ಸಿಕ್ಕಿತು.

ಪಂಚಾಯಿತಿಯ ಗುಮಾಸ್ತ ತಿಪ್ಪೇರುದ್ರ ಟ್ರ್ಯಾಕ್ಟರ್ ತಂದಾಗ ಕೋಣೆಯಲ್ಲಿ ಬರೀ ಕಬ್ಬಿಣದ ಕಪಾಟುಗಳಿದ್ದವು.

"ಪುಸ್ತಕ ಎಲ್ಲಮ್ಮ?"

"ಎರವಲು ಹೋಗ್ಯಾವೆ," ಎಂದಳು ಶಶಿರೇಖಾ.

"ಎಲ್ಲಾನೂ?"

"ಅದಕ್ಕೇ ತಾನೇ ಸಾರ್ ಲೈಬ್ರರಿ ಇರೋದು."

ತಿಪ್ಪೇರುದ್ರ ಹೊರಗೆ ಹೋಗಿ ಫೋನಿನಲ್ಲಿ ಮಾತಾಡಿದ. ಒಳಗೆ ಬಂದು, ನಾಳೆಯಿಂದ ನೀನು ಕೆಲಸಕ್ಕೆ ಬರಬೇಡ ಎಂದ. ಶಶಿರೇಖಾ ಬೀಗದ ಕೈ ಕೊಟ್ಟಳು. ಅವಳ ತಾಯಿ ಬಾಗಿಲಲ್ಲಿ ನಿಂತು ಬಾಯಿಗೆ ಸೆರಗು ತುರುಕಿಕೊಂಡಳು. ಆಳುಗಳು ಕಪಾಟು ಹೇರಿದರು. ಮೇಜು ಹೇರಿದರು. ಬೋರ್ಡು ಕಿತ್ತರು. ಮೊಳೆಯ ಜೊತೆ ಗಾರೆಯೂ ಕಿತ್ತು ಬಂತು.

ಹೊರಡುವ ಮುಂಚೆ ತಿಪ್ಪೇರುದ್ರನ ಕಣ್ಣು ದುರುಗಕ್ಕನ ಮೇಲೆ ಬಿತ್ತು. ಅವಳು ಬೇವಿನ ಬುಡದಲ್ಲಿ ಕಾಲು ಚಾಚಿ ಕೂತಿದ್ದಳು. ತೊಡೆಯ ಮೇಲೆ ಒಂದು ಪುಸ್ತಕ ತೆರೆದಿತ್ತು. ಸಿಮೆಂಟಿಗೆ ಸುಟ್ಟು ಸುಲಿದ ಬೆರಳು ಮೊದಲ ಸಾಲಿನ ಮೇಲಿತ್ತು.

"ನೀನೂ ತಗಂಡಿದೀಯಾ?"

"ತಗಂಡಿದೀನಿ. ಇನ್ನೂ ಮನೆಯಾಗೆ ಅವೆ."

"ಯಾವಾಗ ವಾಪಸ್ ಕೊಡ್ತೀಯ?"

"ಓದಿ ಮುಗಿದ ಮ್ಯಾಲೆ."

"ಅದು ಯಾವಾಗ ಮುಗೀತೈತೆ?"

ದುರುಗಕ್ಕ ಪುಸ್ತಕದಿಂದ ತಲೆ ಎತ್ತಲಿಲ್ಲ.

"ನಾನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದೋಳು. ಬ್ಯಾಗ ಆಗಾಕಿಲ್ಲ. ನೀವು ಕಾಯಬ್ಯಾಡ್ರಿ, ಹೋಗ್ರಿ."